ಚುಕ್ಕಿ ಒಡೆಯದ ಹಾಳೆ

ಕಾಗದದ ಕಾರ್ಖಾನೆಯಲ್ಲಿ ಉಳಿದವರೆಲ್ಲ ಕಾಗದ ಮಾಡುವವರಾದರೆ, ಅದನ್ನು ಹರಿಯುವುದಕ್ಕೆಂದೇ ಸಂಬಳ ಪಡೆಯುತ್ತಿದ್ದವಳು ಆಕೆ ಒಬ್ಬಳೇ. ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಇದೇ ಕೆಲಸ. ಪ್ರತಿ ಸುರುಳಿಯಿಂದ ಒಂದು ಪಟ್ಟಿ ಕತ್ತರಿಸಿ, ಯಂತ್ರಕ್ಕೆ ಸಿಕ್ಕಿಸಿ, ಎಷ್ಟು ಎಳೆತಕ್ಕೆ ಹರಿಯಿತೆಂದು ಬರೆದಿಡಬೇಕು. ಯಂತ್ರ ಹೇಳಿದ್ದು ಸಾಲದೆಂಬಂತೆ ಇನ್ನೊಂದು ತುಂಡನ್ನು ಕಿವಿಯ ಹತ್ತಿರ ಹಿಡಿದು ಕೈಯಿಂದಲೂ ಹರಿದು ನೋಡುವಳು. ಹೀಗಾಗಿ ಎಲ್ಲರ ಬಾಯಲ್ಲೂ ಆಕೆ ‘ಹರಿಯಕ್ಕ’. ಹೊಸದಾಗಿ ಸೇರಿದವರು ಅದು ಹೆತ್ತವರು ಇಟ್ಟ ಹೆಸರೇ ಎಂದುಕೊಳ್ಳುತ್ತಿದ್ದರು.

ಗಂಡನೂ ಅಲ್ಲಿಯವನೇ, ಸುರುಳಿ ಸುತ್ತುವ ಯಂತ್ರದವನು. ಐವತ್ತೆರಡಕ್ಕೆ ಅವನ ಕಣ್ಣಿನ ನರ ಸೊರಗತೊಡಗಿತು. ಎರಡೇ ವರ್ಷದಲ್ಲಿ ಬೆಳಕು ಪೂರ್ತಿ ಹೋಯಿತು. ಕೆಲಸ ಬಿಟ್ಟು ಮನೆಯಲ್ಲಿ ಕೂತವನಿಗೆ ದಿನ ಉದ್ದವಾಯಿತು. ಪೇಪರನ್ನು ಕೊನೆಯ ಸಾಲಿನವರೆಗೂ ಬಿಡದೆ ಓದುತ್ತಿದ್ದ ಮನುಷ್ಯ. ಹರಿಯಕ್ಕ ಅಲ್ಲಿ ಇಲ್ಲಿ ವಿಚಾರಿಸಿ, ಬ್ರೈಲ್ ಕಲಿಸುವ ಮೇಷ್ಟ್ರೊಬ್ಬರನ್ನು ವಾರಕ್ಕೆರಡು ಸಲ ಮನೆಗೆ ಬರುವಂತೆ ಮಾಡಿದಳು.

ತಗಡಿನ ಚೌಕಟ್ಟಿನಲ್ಲಿ ಹಾಳೆ ಸಿಕ್ಕಿಸಿ, ಮೊಂಡು ದಬ್ಬಳದಂಥ ಕಡ್ಡಿಯಿಂದ ಹಿಂಬದಿಗೆ ಒತ್ತಿದರೆ ಮುಂಬದಿಯಲ್ಲಿ ಚುಕ್ಕಿ ಉಬ್ಬುತ್ತದೆ. ಆ ಚುಕ್ಕಿಗಳ ಮೇಲೆ ಬೆರಳಾಡಿಸಿ ಓದಬೇಕು. ಇದಕ್ಕೆಂದೇ ಮಾಡಿದ ಹಾಳೆ ಅಲ್ಲಿ ಸಿಗುತ್ತಿರಲಿಲ್ಲ. ಯಾವುದಾದರೂ ದಪ್ಪ ಹಾಳೆಯಲ್ಲಿ ಅಭ್ಯಾಸ ಮಾಡಿ ಎಂದರು ಮೇಷ್ಟ್ರು. ಹರಿಯಕ್ಕ ಕಾರ್ಖಾನೆಯಿಂದ ದಪ್ಪ ಹಾಳೆ ತಂದುಕೊಟ್ಟಳು.

ಮೂರು ತಿಂಗಳಾದರೂ ಅವನು ತಾನು ಬರೆದದ್ದನ್ನು ತಾನೇ ಓದಲಾರದೆ ಹೋದ. ಒಂದು ದಿನ ಚೌಕಟ್ಟನ್ನು ಬದಿಗೆ ಸರಿಸಿಬಿಟ್ಟ.

“ನನ್ನ ಬೆರಳು ಮರದ ಕೊರಡು ಕಣೇ. ಮೂವತ್ತು ವರ್ಷ ಕಬ್ಬಿಣ ಹಿಡಿದದ್ದು. ಈಗ ಅಕ್ಷರ ಹಿಡಿ ಅಂದ್ರೆ ಎಲ್ಲಿ ಹಿಡಿಯುತ್ತೆ? ಮೇಷ್ಟ್ರಿಗೆ ಬರೋದು ಬೇಡ ಅಂದ್ಬಿಡು.”

ಅವನು ಒಳಗೆ ಹೋಗಿ ಮಲಗಿದ ಮೇಲೆ ಹರಿಯಕ್ಕ ಕಿಟಕಿಯ ಬಳಿ ಕೂತು ಆ ಹಾಳೆಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದಳು. ಅರ್ಧ ಚುಕ್ಕಿಗಳು ಒತ್ತಿದಾಗಲೇ ಒಡೆದು ತೂತಾಗಿದ್ದವು. ಉಳಿದವು ಎರಡು ಸಲ ಸವರಿದ್ದಕ್ಕೇ ಚಪ್ಪಟೆಯಾದವು. ರದ್ದಿಯಿಂದ ಮಾಡಿದ ಕಾಗದ. ಎಷ್ಟೋ ಸಲ ನೆನೆದು ಒಣಗಿ ಸೆಟೆದ ನಾರು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ.

“ರೀ, ತಪ್ಪು ಬೆರಳಿನದಲ್ಲ, ಹಾಳೆದು,” ಎಂದಳು ಸಂಜೆ.

“ಸಮಾಧಾನ ಮಾಡೋಕೆ ಏನೇನೋ ಹೇಳ್ಬೇಡ,” ಎಂದು ಅವನು ಮುಖ ತಿರುಗಿಸಿದ.

ಆ ದಿನಗಳಲ್ಲೇ ಕಾರ್ಖಾನೆಗೆ ಹೊಸ ಕೆಮಿಸ್ಟ್ ಬಂದಿದ್ದಳು. ಇಪ್ಪತ್ತೆಂಟರ ಹುಡುಗಿ, ಮಾತು ಪಟಪಟ. ಮೆಕ್ಕೆಜೋಳದ ದಿಂಡುಗಳನ್ನು ಚೀಲಗಟ್ಟಲೆ ತರಿಸಿ ಬೇಯಿಸುತ್ತಿದ್ದುದನ್ನು ಕಂಡು, ಕಾಳು ಬಿಟ್ಟು ದಿಂಡು ಬೇಯಿಸುವ ಅಡುಗೆಯವಳು ಎಂದು ಎಲ್ಲರೂ ಮುಸಿಮುಸಿ ನಗುತ್ತಿದ್ದರು. ಹರಿಯಕ್ಕ ನಗದೆ ಕೇಳಿದಳು.

“ಗಿಡದೊಳಗೆ ನಾರಿಗೂ ನಾರಿಗೂ ನಂಟು ಹಾಕೋ ಪದಾರ್ಥ ಇದೆ ಅಕ್ಕ, ಹೆಮಿಸೆಲ್ಯುಲೋಸ್ ಅಂತ. ಹಳೇ ಕಾಗದದಲ್ಲಿ ಅದು ಅಷ್ಟಷ್ಟೇ ಕಳೆದುಹೋಗಿರುತ್ತೆ. ದಿಂಡಿಂದ ತೆಗೆದು ವಾಪಸ್ ಕೊಡ್ತೀನಿ. ಅದಕ್ಕೆ ಮುಂಚೆ ರದ್ದಿ ಅರೆದ ತಿರುಳಿಗೆ ಸ್ವಲ್ಪ ಕಿಣ್ವ, ಅಂದ್ರೆ ಎಂಜೈಮ್. ಅದು ಸೆಟೆದ ನಾರಿನ ಮೈಯನ್ನ ಎಳೆಎಳೆಯಾಗಿ ಬಿಡಿಸುತ್ತೆ, ಆಗ ಹಿಡಿತ ಬರುತ್ತೆ.”

“ನಂಗೊಂದು ನಾಲ್ಕು ದಪ್ಪ ಹಾಳೆ ಬೇಕಿತ್ತು ಮೇಡಂ,” ಎಂದು ಹರಿಯಕ್ಕ ಮನೆಯ ವಿಷಯ ಹೇಳಿದಳು. ಹುಡುಗಿ ಆಗಲಿ ಎಂದು ತಲೆಯಾಡಿಸಿದಳು.

ಮೊದಲ ಪ್ರಯೋಗ ನೆಲ ಕಚ್ಚಿತು. ಹೊಸ ಕಾಗದ ಹಳೆಯದಕ್ಕಿಂತ ಬೇಗ ಹರಿಯಿತು. ಮ್ಯಾನೇಜರು, “ಈ ಕಷಾಯ ಇಲ್ಲಿಗೆ ಸಾಕು,” ಎಂದು ಹೊರಟುಹೋದರು. ಕೆಮಿಸ್ಟ್ ತಲೆಯ ಮೇಲೆ ಕೈಹೊತ್ತು ಕೂತಳು.

ಹರಿಯಕ್ಕ ಹರಿದ ಅಂಚನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದಳು. “ಮೇಡಂ, ಇಲ್ನೋಡಿ. ಬರೀ ಹಿಡಿತ ಸಾಲದೆ ಹರಿದಿದ್ರೆ ನಾರು ಮೀಸೆ ಥರ ಉದ್ದುದ್ದ ಹೊರಗೆ ಬಂದಿರುತ್ತೆ. ಇದು ಬ್ಲೇಡಲ್ಲಿ ಕೊಯ್ದ ಹಾಗಿದೆ. ನಾರೇ ತುಂಡಾಗಿದೆ. ನಿಮ್ಮ ಕಿಣ್ವ ಮೈ ಬಿಡಿಸೋ ಬದಲು ನಾರನ್ನೇ ತಿಂದುಬಿಟ್ಟಿದೆ.”

ಹುಡುಗಿ ಎದ್ದು ತಿರುಳಿನ ತೊಟ್ಟಿ ನೋಡಿಕೊಳ್ಳುವವರ ಹತ್ತಿರ ಓಡಿದಳು. ನಲವತ್ತು ನಿಮಿಷ ಇರಬೇಕಿದ್ದ ತಿರುಳು, ಪಾಳಿ ಬದಲಾಗುವ ಗಡಿಬಿಡಿಯಲ್ಲಿ ಮೂರು ಗಂಟೆ ಕಿಣ್ವದಲ್ಲೇ ನಿಂತಿತ್ತು.

ಮ್ಯಾನೇಜರನ್ನು ಒಪ್ಪಿಸಲು ಹರಿಯಕ್ಕನೇ ಹೋದಳು. ಇಪ್ಪತ್ತಾರು ವರ್ಷದಲ್ಲಿ ಆಕೆ ಆ ಕೋಣೆಯೊಳಗೆ ಕುರ್ಚಿಯಲ್ಲಿ ಕೂತು ಮಾತಾಡಿದ್ದು ಅದೇ ಮೊದಲು. ಇನ್ನೊಂದು ಅವಕಾಶ ಸಿಕ್ಕಿತು. ಈ ಸಲ ಹರಿಯಕ್ಕ ಗಡಿಯಾರ ಹಿಡಿದು ತೊಟ್ಟಿಯ ಪಕ್ಕದಲ್ಲೇ ನಿಂತಳು. ನಲವತ್ತನೇ ನಿಮಿಷಕ್ಕೆ ತಿರುಳನ್ನು ಕಾಯಿಸಿ ಕಿಣ್ವದ ಕೆಲಸ ನಿಲ್ಲಿಸಿ, ಆಮೇಲೆ ದಿಂಡಿನ ಸಾರ ಬೆರೆಸಿದರು. ಮರುದಿನ ಪಟ್ಟಿ ಹರಿಯಲು ಯಂತ್ರದ ಮುಳ್ಳು ಎಂದೂ ಹೋಗದಷ್ಟು ದೂರ ಹೋಯಿತು. ಕೈಯಿಂದ ಹರಿದಾಗ ಸದ್ದು ಗಡುಸಾಗಿತ್ತು.

ಅದೇ ತಿರುಳನ್ನು ಜಾಲರಿಯ ಅಚ್ಚಿನಲ್ಲಿ ಕೈಯಾರೆ ಎತ್ತಿ ಒಣಗಿಸಿದ ನಾಲ್ಕು ದಪ್ಪ ಹಾಳೆಗಳನ್ನು ಮನೆಗೆ ತಂದು ಗಂಡನ ಮುಂದಿಟ್ಟಳು.

“ಇದೊಂದ್ಸಲ ಬರೀರಿ. ಆಮೇಲೆ ನಾನು ಬಾಯಿ ಬಿಟ್ಟರೆ ಕೇಳಿ.”

ಅವನು ಗೊಣಗುತ್ತಲೇ ಕೂತ. ಕಡ್ಡಿಯ ಟಕಟಕ ಬಹಳ ಹೊತ್ತು ಕೇಳಿಸಿತು. ಹಾಳೆ ತಿರುಗಿಸಿದ. ಬೆರಳು ಒಂದು ಸಲ ಹೋಗಿ ಹಿಂದಕ್ಕೆ ಬಂತು, ಮತ್ತೆ ಹೋಯಿತು. ಹುಬ್ಬು ಮೇಲೇರಿತು.

“ಏನು ಬರೆದಿದೀರಿ?” ಎಂದಳು ಅವಳು. ತನ್ನ ಬಗ್ಗೆ ಎರಡು ಒಳ್ಳೆಯ ಮಾತಿರಬಹುದೆಂಬ ಆಸೆ.

ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ: “ನೀರಿನ ಚೊಂಬನ್ನು... ದಿನಾ... ಒಂದೇ ಕಡೆ... ಇಡು.”

ಹರಿಯಕ್ಕನಿಗೆ ನಗು ತಡೆಯಲಿಲ್ಲ. ನಗುನಗುತ್ತಲೇ ಅಳು ಬಂತು. ಅವನ ಭುಜಕ್ಕೆ ಹಣೆ ಒತ್ತಿ ಕೂತಳು. ಅವನು, “ಬರೆದದ್ದು ನಿಜ ತಾನೇ,” ಎನ್ನುತ್ತ ಅವಳ ಬೆನ್ನು ಸವರಿದ. ಆಮೇಲೆ ಇನ್ನೊಂದು ಸಲ ಓದಿದ, ಮೊದಲಿಗಿಂತ ಬೇಗ.

ಮೇಷ್ಟ್ರು ಮತ್ತೆ ಬರತೊಡಗಿದರು. ಆ ವರ್ಷದಿಂದ ಕಾರ್ಖಾನೆ ಶಾಲೆಯ ನೋಟ್‌ಪುಸ್ತಕಕ್ಕೆ ಅದೇ ಕಾಗದ ಮಾಡಿತು. ಮೇಷ್ಟ್ರು ಕಲಿಸುತ್ತಿದ್ದ ಅಂಧ ಮಕ್ಕಳ ಶಾಲೆಗೆಂದು ದಪ್ಪ ಹಾಳೆಯನ್ನೂ ಮಾಡಿತು. ದಪ್ಪ ಹಾಳೆಯ ಪ್ರತಿ ಕಂತಿನಿಂದ ಒಂದನ್ನು ಕೆಮಿಸ್ಟ್ ತಾನೇ ಹಿಡಿದುಕೊಂಡು ಹರಿಯಕ್ಕನ ಮನೆಗೆ ಬರುತ್ತಾಳೆ. ಗಂಡ ಅದನ್ನು ಸವರಿ, ಚುಕ್ಕಿ ಒತ್ತಿ, ಮತ್ತೆ ಸವರಿ, “ಹೋದ ಸಲಕ್ಕಿಂತ ಒಂದು ಕೂದಲು ಮೆತ್ತಗಿದೆ, ನೋಡಿಸಮ್ಮಾ,” ಎನ್ನುತ್ತಾನೆ. ಹುಡುಗಿ ಬರೆದುಕೊಳ್ಳುತ್ತಾಳೆ.