ಪುಂಡಿ ಗಿಡ ಜಿಗಿದ ಮಳೆಗಾಲ

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮೂರ ಶಾಲೆಯ ಜಿಗಿತದ ಗುಂಡಿಗೆ ಆಗ ಮರಳು ಎಲ್ಲಿತ್ತು? ಅಕ್ಕಿಆಲೂರಿನ ರೈಸ್‌ಮಿಲ್ಲಿನಿಂದ ಚಕ್ಕಡಿಯಲ್ಲಿ ಭತ್ತದ ಹೊಟ್ಟು ತಂದು ಸುರಿಯುತ್ತಿದ್ದರು. ಅದರಲ್ಲಿ ಒಮ್ಮೆ ಬಿದ್ದೆದ್ದರೆ ಸಂಜೆಯತನಕ ಮೈ ಕೆರೆತ. ಆ ಕೆರೆತ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಆರನೇ ಇಯತ್ತೆಯಲ್ಲಿ ಹಾನಗಲ್ಲಿನ ತಾಲೂಕು ಆಟೋಟಕ್ಕೆ ಹೋಗಿ, ಎತ್ತರ ಜಿಗಿತದ ಹಗ್ಗಕ್ಕೆ ಕಾಲು ತೊಡರಿ ಬೋರಲು ಬಿದ್ದಿದ್ದೆ. ಇಡೀ ಮೈದಾನ ನಕ್ಕಿತ್ತು. ಮರುವರ್ಷ ಅವ್ವ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ಇದೊಂದ ವರ್ಷ ಜಿಗಿ. ಏನರ ಗೆದ್ದು ತಂದ್ರ ಮುಂದ ನೋಡೂಣು. ಇಲ್ಲಂದ್ರ ದೊಡ್ಡ ಹುಡುಗಿ ಹಿಂಗ ಕುಣಕೊಂತ ತಿರಗೂದು ಬ್ಯಾಡ."

ಗೆಲ್ಲಲೇಬೇಕೆಂದು ಹಟ ಹಿಡಿದೆ. ಅಪ್ಪನ ತಮ್ಮ, ನಮ್ಮ ಕಾಕಾ, ಹಳೆಯ ಪೈಲ್ವಾನ. ಅವನು ಹೇಳಿದಂತೆ ಬೇಸಿಗೆಯಿಡೀ ದಿನಕ್ಕೆ ಐವತ್ತು ಬೈಠಕ್ ಹೊಡೆದೆ. ಮಳೆ ಹಿಡಿದ ಮೇಲೆ ನನ್ನನ್ನು ಹೊಲದ ಬದುವಿಗೆ ಕರೆದೊಯ್ದ.

"ಕಾಲು ಗಟ್ಟಿ ಆಗ್ಯಾವ. ಇನ್ನ ಚಿಮ್ಮೂದು ಕಲಿ. ಕುಂತಾಕಿ ಒಮ್ಮಿಗೇ ಹಾರಬೇಕು, ನೆಲ ಸುಡಾಕತ್ತೈತಿ ಅನ್ನೂಹಂಗ." ಬದುವಿನ ಮೇಲಿದ್ದ ಪುಂಡಿ ಸಸಿಗಳನ್ನು ತೋರಿಸಿದ. "ಇವನ್ನ ದಿನಾ ಜಿಗಿ, ನೀಲವ್ವ. ಇವು ಬೆಳದಂಗ ನಿನ್ನ ಜಿಗಿತಾನೂ ಬೆಳೀತೈತಿ."

ಅಂದಿನಿಂದ ಬೈಠಕ್ ಆದ ಮೇಲೆ ಇಪ್ಪತ್ತು ಜಿಗಿತ. ಒಂದು ದಿನವೂ ತಪ್ಪಿಸಲಿಲ್ಲ. ಕೆಸರಿನಲ್ಲಿ ಜಾರಿದೆ, ಪುಂಡಿಯ ಸಣ್ಣ ಮುಳ್ಳುಗಳಿಂದ ಮೀನಖಂಡದ ತುಂಬ ಗೀರು. ಮನೆಗೆ ಓಡಿ ಬಂದರೆ ಬಿಸಿ ಜೋಳದ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆಯ ಹುಳಿಹುಳಿ ಪುಂಡಿಪಲ್ಯ. ಎರಡು ತಿಂಗಳಾದರೂ ಗಿಡ ಸೊಂಟದೆತ್ತರಕ್ಕೇ ಕಾಣುತ್ತಿತ್ತು. ಬೆಳೆದ ಗಿಡವೂ ಇಷ್ಟು ಸಣ್ಣದಾಗಿ ಕಾಣಬೇಕಾದರೆ ನಾನೆಷ್ಟು ಗಟ್ಟಿಯಾಗಿರಬೇಕು ಎಂದು ಬೀಗಿದ್ದೇ ಬೀಗಿದ್ದು.

ಆಟೋಟಕ್ಕೆ ಒಂದು ವಾರ ಇರುವಾಗ, ರವಿವಾರ, ಹೊಲಕ್ಕೆ ಬುತ್ತಿ ಒಯ್ದೆ. ಅವ್ವ ಬದುವಿನ ಮೇಲೆ ನಿಂತು ನನ್ನ ಗಿಡಗಳ ಕುಡಿ ಚಿವುಟಿ ಉಡಿ ತುಂಬಿಕೊಳ್ಳುತ್ತಿದ್ದಳು.

"ಅವ್ವಾ! ನನ್ನ ಗಿಡ!"

"ನಿಂದ್ಯಾವಾಗ ಆತು? ವಾರಕ್ಕ ಎರಡ ಸಲ ಚಪ್ಪರಿಸಿ ತಿಂತಿದ್ದೆಲ್ಲ, ಆ ಪಲ್ಯ ಆಕಾಶದಿಂದ ಬೀಳತಿತ್ತೇನು?"

ನನ್ನ ಎತ್ತರವನ್ನು ನಾನೇ ರೊಟ್ಟಿಯಲ್ಲಿ ಸುತ್ತಿಕೊಂಡು ತಿಂದಿದ್ದೆ! ಅಲ್ಲೇ ಕುಕ್ಕರಿಸಿ ಗೊಳೋ ಎಂದು ಅತ್ತೆ. ಕಾಕಾ ಬಂದ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಪೊದೆಯ ಸುತ್ತ ಒಂದು ಸುತ್ತು ಹಾಕಿ ಕೈ ಚಾಚಿ ಅಳೆದ.

"ಎತ್ತರ ಇಲ್ಲ, ಖರೆ. ಅಗಲ ನೋಡಿಲ್ಲಿ. ನಿಮ್ಮವ್ವ ಚಿವುಟಿದಂಗೆಲ್ಲಾ ಟಿಸಿಲೊಡದು ಒಂದ ಮಾರು ಹಬ್ಬೈತಿ. ಇಷ್ಟಗಲ ದಿನಾ ದಾಟಾಕತ್ತಿ, ಹುಚ್ಚಿ! ಉದ್ದ ಜಿಗಿತಕ್ಕ ಹೆಸರು ಕೊಡು."

ಕೊಟ್ಟೆ. ಎತ್ತರ ಜಿಗಿತವನ್ನೂ ಬಿಡಲಿಲ್ಲ. ಹಗ್ಗ ಈ ಸಲವೂ ನನ್ನನ್ನು ಬಿಡಲಿಲ್ಲ. ಜನ ಮತ್ತೆ ನಕ್ಕರು. ಮೈ ಕೊಡವಿ ಎದ್ದು ಉದ್ದ ಜಿಗಿತದ ಸಾಲಿನಲ್ಲಿ ನಿಂತೆ. ಓಡುವಾಗ ಕಣ್ಣೆದುರು ಆ ಪೊದೆ ಒಂದೇ. ಗೆರೆಯ ಹತ್ತಿರ ನೆಲ ಸುಟ್ಟಂತಾಯಿತು, ಚಿಮ್ಮಿದೆ. ಎರಡನೆಯ ಸ್ಥಾನ, ಒಂದು ಸ್ಟೀಲಿನ ಲೋಟ.

ಅವ್ವ ಲೋಟವನ್ನು ತಿರುಗಿಸಿ ಮುರುಗಿಸಿ ನೋಡಿ ಗೋಡೆಯ ಮಾಡದಲ್ಲಿಟ್ಟಳು. ಮರುದಿನ ಬೆಳಕು ಹರಿಯುತ್ತಲೇ ನನ್ನ ಹೊದಿಕೆ ಎಳೆದಳು.

"ಏಳು, ಹೊಲಕ್ಕ ನಡಿ. ನಾ ಚಿವುಟತೇನಿ, ನೀ ಜಿಗಿ."

ಹೈಸ್ಕೂಲು ಮುಗಿಯುವತನಕ ಜಿಗಿದೆ. ಈಗ ಬಸ್ಸು ಹತ್ತಲೂ ಸರಳು ಹಿಡಿಯಬೇಕು. ಅಣ್ಣನ ಮೊಮ್ಮಗಳು ಹಾವೇರಿಯ ಜಿಮ್ಮಿನಲ್ಲಿ ಕಟ್ಟಿಗೆಯ ಪೆಟ್ಟಿಗೆ ಹಾರುವುದನ್ನು ನೋಡಿದರೆ ಅಂಗಾಲು ತುರಿಸುತ್ತದೆ. ಮೊಣಕಾಲು ಹೋದದ್ದಕ್ಕೆ ನನಗೆ ದುಃಖವಿಲ್ಲ, ಅವು ದುಡಿದು ಹೋದವು. ಆದರೆ ಅವ್ವ ತೀರಿಕೊಂಡ ವರ್ಷದ ಮಳೆಗಾಲ ಹೊಲಕ್ಕೆ ಹೋದಾಗ ತಡೆಯಲಾರದೆ ಅತ್ತೆ. ಬದುವಿನ ಪುಂಡಿ ನನ್ನ ತಲೆ ಮೀರಿ ಬೆಳೆದು ಹೂ ಬಿಟ್ಟಿತ್ತು.