ಘೋರಾಂಗಿ ಅಳದ ಪುಟ

ಹೈದರಾಬಾದಿನಲ್ಲಿ ಕನ್ನಡದ ಮಾಯಾಲೋಕದ ಕಾಮಿಕ್ಸ್ ಬರೆಯುವವರಲ್ಲಿ ತಾನೇ ಮೊದಲಿಗ ಎಂದು ಗುರುಬಸವ ಹೇಳಿಕೊಳ್ಳುತ್ತಿದ್ದ. ಎರಡನೆಯವರು ಯಾರೂ ಇರಲಿಲ್ಲವಾದ್ದರಿಂದ ಕೊನೆಯವನೂ ತಾನೇ ಎಂಬ ಮಾತನ್ನು, ಬೇರೆಯವರು ಸೇರಿಸುವ ಮೊದಲು ತಾನೇ ಸೇರಿಸಿಬಿಡುತ್ತಿದ್ದ.

ನಲವತ್ತೇಳು ವಯಸ್ಸು. ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಪೈಪುಗಳ ವಾಲ್ವ್‌ಗಳಿಗೆ ನಕ್ಷೆ ಬರೆಯುವ ಕೆಲಸ. ಅಲ್ಲಿ ಒಂದು ಗೆರೆ ಅರ್ಧ ಮಿಲಿಮೀಟರ್ ಆಚೀಚೆಯಾದರೂ ಎಲ್ಲೋ ಒಂದು ಕಡೆ ನೀರು ಸೋರುತ್ತದೆ. ಹಗಲೆಲ್ಲ ಹಾಗೆ ಬಿಗಿಹಿಡಿದ ಕೈ ಮಲ್ಕಾಜ್‌ಗಿರಿಯ ಮನೆಗೆ ಬಂದು ಬ್ರಷ್ ಹಿಡಿದದ್ದೇ ತಡ, ಕಟ್ಟೆ ಒಡೆದ ಕೆರೆ. ಅವನ ಕಥೆಯಲ್ಲಿ ಯಾರೂ ಸುಮ್ಮನೆ ಸಾಯುತ್ತಿರಲಿಲ್ಲ. ಸಾಯುವ ಮುನ್ನ ಒಂದು ಪುಟ ಮಾತಾಡುತ್ತಿದ್ದರು. ಯಾರೂ ಸುಮ್ಮನೆ ನಡೆಯುತ್ತಿರಲಿಲ್ಲ. ಹಿಂದೆ ಮಿಂಚು ಹೊಡೆಯಲೇಬೇಕು.

ಆರು ವರ್ಷ ಬರೆದ ಕಥೆಯಲ್ಲಿ ಉಗ್ರಕೇತು ಎಂಬ ರಾಕ್ಷಸ ಮುಗಿಲ ಮೇಲಿನ ಕೋಟೆಯ ಕಾವಲುಗಾರ. ಅವನು ಯುದ್ಧದಲ್ಲಿ ಸತ್ತಾಗ ಹೆಂಡತಿ ಘೋರಾಂಗಿ ಅಳುವ ಪುಟವೇ ತನ್ನ ಜೀವಮಾನದ ಸಾಧನೆ ಎಂದು ಗುರುಬಸವ ನಂಬಿದ್ದ. ಮುಖವೊಂದರಲ್ಲೇ ಇಪ್ಪತ್ತಮೂರು ಹನಿ. ಕಣ್ಣೀರು ಹೊಳೆಯಾಗಿ ಹರಿದು ಶತ್ರುಸೇನೆಯನ್ನೇ ಮುಳುಗಿಸುತ್ತದೆ. "ಅಯ್ಯೋ ವಿಧಿಯೇ!" ಎಂಬುದು ಆ ಒಂದೇ ಪುಟದಲ್ಲಿ ಮೂರು ಸಲ, ಪ್ರತಿ ಸಲವೂ ಇನ್ನಷ್ಟು ದಪ್ಪ ಅಕ್ಷರದಲ್ಲಿ.

ಹೆಂಡತಿ ರಶ್ಮಿ ಅದನ್ನು ನೋಡಿ, "ಭಾಳ ಛಂದ ಐತ್ರಿ. ಆದ್ರ ಈ ಹೊಳ್ಯಾಗ ಮೀನು ಯಾಕ ಅದಾವ?" ಎಂದಳು. ಜಾಗ ಖಾಲಿ ಉಳಿದಿತ್ತು, ಅದಕ್ಕೆ ಹಾಕಿದ್ದ. ಹಾಗೆ ಹೇಳಲು ನಾಚಿಕೆಯಾಗಿ, "ಸಂಕೇತ" ಎಂದ.

ಆ ಪುಟಗಳನ್ನು ಚೀಲಕ್ಕೆ ಹಾಕಿಕೊಂಡು ಒಂದು ಭಾನುವಾರ ಅಬಿಡ್ಸ್‌ಗೆ ಹೋದ. ಚಿತ್ರದುರ್ಗದ ಕಡೆಯಿಂದ ಬಂದು ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ನೌಕರರಾಗಿದ್ದ ಒಬ್ಬರ ಮಗಳು, ಲಹರಿ ಎಂಬ ಹುಡುಗಿ, ನಾಲ್ಕು ಜನ ಗೆಳೆಯರೊಂದಿಗೆ ಕನ್ನಡ ಕಾಮಿಕ್ಸ್‌ನ ಒಂದು ಸಂಕಲನ ತರುತ್ತಿದ್ದಳು. ಇರಾನಿ ಹೋಟೆಲಿನಲ್ಲಿ ಚಹಾ ತರಿಸಿ, ಅವಳು ಒಂದೊಂದೇ ಪುಟ ತಿರುಗಿಸಿದಳು. ಅಳುವ ಪುಟಕ್ಕೆ ಬಂದಾಗ ಗುರುಬಸವ ಅವಳ ಕಣ್ಣನ್ನೇ ನೋಡುತ್ತಿದ್ದ, ಒದ್ದೆಯಾಗುತ್ತದೇನೋ ಎಂದು. ಅದು ಖುಷ್ಕಿ ಭೂಮಿಯಂತೆ ಒಣಗಿಯೇ ಇತ್ತು.

"ಸರ್, ನಿಮ್ಮ ಗೆರೆ ತುಂಬಾ ಚೆನ್ನಾಗಿದೆ," ಎಂದಳು. "ಆದ್ರೆ ಇಷ್ಟೆಲ್ಲಾ ಅವಳೇ ಅತ್ತುಬಿಟ್ರೆ ಓದೋರಿಗೆ ಏನು ಉಳೀತು?"

"ರಾಕ್ಷಸಿ ಅಲ್ರೀ ಆಕಿ," ಎಂದ ಗುರುಬಸವ. "ಅತ್ರ ಹಂಗಾ ಅಳಬೇಕು."

"ರಾಕ್ಷಸಿಗೂ ಮನೆ ಇರತ್ತಲ್ವಾ ಸರ್? ಗಂಡ ಸತ್ತ ಮಾರನೇ ದಿನ ಆ ಮನೇಲಿ ಅವಳು ಏನು ಮಾಡ್ತಾಳೆ?"

ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನುವುದನ್ನು ಮುಚ್ಚಲು ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡ. ಇಂದಿನ ಮಕ್ಕಳಿಗೆ ಹೃದಯವಿಲ್ಲ ಎಂದು ಬಸ್ಸಿನಲ್ಲಿ ತೀರ್ಮಾನಿಸಿದ. ಮನೆ ಮುಟ್ಟುವಷ್ಟರಲ್ಲಿ ಮೀನುಗಳನ್ನು ಅಳಿಸಬೇಕೆಂಬಷ್ಟಕ್ಕೆ ಇಳಿದಿದ್ದ.

ಎರಡು ತಿಂಗಳ ನಂತರ ಅವನ ಮಾವ ಹಣಮಂತರಾಯ ತೀರಿಕೊಂಡರು. ಮಾವ ಎಂದರೆ ಅಕ್ಕ ಕಮಲಾಕ್ಷಿಯ ಗಂಡ, ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ನಿವೃತ್ತಿಗೆ ಎರಡು ವರ್ಷ ಇತ್ತು. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಸೇಡಂ ಕಡೆಯಿಂದ ಈ ಊರಿಗೆ ಬಂದ ಗುರುಬಸವನನ್ನು ಆರು ವರ್ಷ ಮನೆಯಲ್ಲಿಟ್ಟುಕೊಂಡು ನಕ್ಷೆಯ ಕೆಲಸ ಕಲಿಯಲು ಕಳಿಸಿದ್ದು ಅಕ್ಕ ಮತ್ತು ಮಾವ.

ಅಕ್ಕನ ಮನೆ ಎರಡು ಗಲ್ಲಿ ಆಚೆ. ಅವಳನ್ನು ಸಮಾಧಾನಪಡಿಸುವ ಹೊಣೆ ತನ್ನದು ಎಂದು ಗುರುಬಸವ ದಾರಿಯಲ್ಲೇ ಮಾತು ಹೊಂದಿಸಿಕೊಂಡ: ಹುಟ್ಟಿದವರು ಹೋಗಲೇಬೇಕು, ನಾನಿದ್ದೇನೆ, ಅತ್ತುಬಿಡು ಹಗುರಾಗುತ್ತದೆ. ಮೂರೂ ಮಾತು ಕಾಮಿಕ್ಸ್‌ನ ಮೂರು ಬಲೂನಿಗೆ ಸರಿಯಾಗಿ ಹಿಡಿಸುವಂತಿದ್ದವು. ಆದರೆ ಕಮಲಾಕ್ಷಿ ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದಳು, ಹೋದವರ ಚಾಪೆ ಸುತ್ತಿದಳು. ದಿನಕರ್ಮ ಮುಗಿಯಿತು. ಕೆಲಸದಿಂದ ಬರುತ್ತ ಅವನು ದಿನಾ ಸಂಜೆ ಅವಳ ಮನೆಗೆ ಹೋಗುತ್ತಿದ್ದ, ಆ ಮೂರು ಮಾತುಗಳನ್ನು ಕಿಸೆಯಲ್ಲಿಟ್ಟುಕೊಂಡು.

ಒಂದು ಸಂಜೆ ಅವಳು ನೆಲದ ಮೇಲೆ ಕೂತು ಮೆಂತ್ಯಸೊಪ್ಪು ಸೋಸುತ್ತಿದ್ದಳು. ಏಳಕ್ಕೆ ಸ್ಟೇಷನ್ನಿನ ಕಡೆಯಿಂದ ಗಾಡಿ ಹಾರ್ನ್ ಹೊಡೆಯಿತು. ಕಮಲಾಕ್ಷಿ ತಟ್ಟನೆ ಎದ್ದು, ಕೈ ಒರೆಸಿಕೊಂಡು ಅಡುಗೆಮನೆಗೆ ಹೋಗಿ ಒಲೆ ಹೊತ್ತಿಸಿ ಹಂಚು ಇಟ್ಟಳು. ಇಟ್ಟವಳು ಅಲ್ಲೇ ನಿಂತಳು. ಹಿಟ್ಟು ನಾದಿರಲಿಲ್ಲ. ರೊಟ್ಟಿ ಬಡಿಯಲು ಏನೂ ತಯಾರಿರಲಿಲ್ಲ. ಹಂಚು ಕಾದು ಹೊಗೆಯಾಡಿತು. ಅವಳು ಒಲೆ ಆರಿಸಿ ಬಂದು ಮತ್ತೆ ಸೊಪ್ಪಿನ ಮುಂದೆ ಕೂತಳು.

"ಯಾಕಕ್ಕಾ?" ಎಂದ ಗುರುಬಸವ.

"ಏನಿಲ್ಲ. ಒಲಿ ಹತ್ತತೈತೋ ಇಲ್ಲೋ ನೋಡಿದೆ."

ಕಿಸೆಯ ಮೂರು ಮಾತುಗಳಲ್ಲಿ ಒಂದೂ ಹೊರಬರಲಿಲ್ಲ. ಬಂದದ್ದು, "ನೀರು ಕೊಡ್ತೀ ಏನು?" ಎಂಬುದು. ಬಾಯಾರಿಕೆಯೇನೂ ಇರಲಿಲ್ಲ. ಎರಡು ಲೋಟ ಕುಡಿದ.

ಆ ವಾರ ಅವನು ಅಳುವ ಪುಟ ಹರಿದು ಹೊಸದು ಬರೆದ. ನಾಲ್ಕೇ ಚೌಕ. ಸಂಜೆ ಕೋಟೆಯ ಮೇಲೆ ಹಾರುವ ಸರ್ಪಗಳ ಸಾಲು ಕೂಗುತ್ತ ಹೋಗುತ್ತದೆ. ಘೋರಾಂಗಿ ತಲೆ ಎತ್ತುತ್ತಾಳೆ. ಬೆಂಕಿ ಬೆಟ್ಟದ ಬಾಯಿಯ ಮೇಲೆ ಹಂಚು ಇಡುತ್ತಾಳೆ. ನಿಲ್ಲುತ್ತಾಳೆ. ಇಳಿಸುತ್ತಾಳೆ. ಮಾತಿಲ್ಲ.

ಮಾತಿಲ್ಲದೆ ಬಿಡುವುದು ಅವನಿಗೆ ಸುಲಭವಾಗಲಿಲ್ಲ. ನಾಲ್ಕನೆಯ ಚೌಕದಲ್ಲಿ ಒಂದು ಹನಿ ಹಾಕಿದ, ಒಂದೇ, ಬಹಳ ಸಣ್ಣದು. ಅಳಿಸಿದ. ಕಿಟಕಿಯಾಚೆ ಸಣ್ಣಗೆ ಒಂದು ಮಿಂಚು ಹಾಕಿದ. ಅಳಿಸಿದ. ಅಳಿಸಿ ಅಳಿಸಿ ಕಾಗದ ತೂತಾಯಿತು.

"ಆಕಿ ಅಳವಲ್ಲಳು, ನೀವ್ಯಾಕ ಇಷ್ಟು ತ್ರಾಸ ಮಾಡ್ಕೋತೀರಿ?" ಎಂದಳು ರಶ್ಮಿ. ಬೇರೆ ಕಾಗದ ತೆಗೆದು ಮೊದಲಿನಿಂದ ಬರೆದ.

ಲಹರಿ ಆ ಪುಟವನ್ನು ನೋಡುತ್ತ ಕೂತುಬಿಟ್ಟಳು. ಅವಳ ಚಹಾದ ಮೇಲೆ ಕೆನೆ ಕಟ್ಟಿತು. "ಇದನ್ನ ಮುಟ್ಟಬೇಡಿ ಸರ್," ಎಂದಳು ಕೊನೆಗೆ.

"ಒಂದು ಹನಿ ಹಾಕ್ಲೇನ್ರೀ?"

"ಬೇಡ ಸರ್."

ಸಂಕಲನ ಅಚ್ಚಾಯಿತು. ತನ್ನ ಹೆಸರನ್ನು ಹದಿನಾಲ್ಕು ಸಲ ನೋಡಿ ಆನಂದಪಟ್ಟ ಮೇಲಷ್ಟೇ ಗುರುಬಸವನಿಗೆ ಒಂದು ಸಂಗತಿ ಹೊಳೆಯಿತು: ಅಕ್ಕನನ್ನು ಅವನು ಕೇಳಿಯೇ ಇರಲಿಲ್ಲ. ಅವಳು ಮುಚ್ಚಿಟ್ಟ ದುಃಖವನ್ನು ಕದ್ದು, ಕೋಡು ಹಚ್ಚಿ, ಊರಿಗೆಲ್ಲ ಹಂಚಿದ್ದ. ಎರಡು ದಿನ ಅವಳ ಮನೆ ಕಡೆ ಹೋಗಲಿಲ್ಲ. ಮೂರನೆಯ ದಿನ ಪುಸ್ತಕವನ್ನು ಬೆನ್ನಹಿಂದೆ ಹಿಡಿದು ಹೋದ, ಗಾಜು ಒಡೆದ ಹುಡುಗನ ಹಾಗೆ.

ಕಮಲಾಕ್ಷಿ ಅವನ ಮುಂದೆ ಹಚ್ಚಿದ ಅವಲಕ್ಕಿಯ ತಾಟಿಟ್ಟು, ಚಷ್ಮಾ ಹಾಕಿಕೊಂಡು ಓದಿದಳು. ಆ ಪುಟದಲ್ಲಿ ನಿಂತಳು.

"ಈ ಕೋರಿಹಲ್ಲಿನಾಕಿ ನಾನೇನೋ?"

"ಅಲ್ಲಕ್ಕಾ, ಆಕಿ ಘೋರಾಂಗಿ ಅಂತ…"

"ಸೆರಗು ಸಿಗಿಸಿಕೊಂಡಿದ್ದು ನಂದಾ ಐತಿ."

ಅವನು ತಲೆ ತಗ್ಗಿಸಿದ. "ತಪ್ಪಾತಕ್ಕಾ. ಕೇಳಬೇಕಿತ್ತು."

"ಕೇಳಬೇಕಿತ್ತು," ಎಂದಳು ಅವಳು. "ಕೇಳಿದ್ರ ಸರಿಯಾಗಿ ಹೇಳತಿದ್ದೆ. ಗಾಡಿ ಸಪ್ಪಳಾದ ಕೂಡ್ಲೆ ಹಂಚು ಇಡ್ತಿದ್ದೆ, ಅವರಿಗೆ ಬಿಸಿ ರೊಟ್ಟಿ ಬೇಕಂತ, ಅಂತ ತಿಳ್ಕೊಂಡೀ ಏನು?"

"ಮತ್ತ?"

"ಬಿಸೀದು ಅವರಿಗೆ ಆಗ್ತಿದ್ದಿಲ್ಲೋ. ಹಲ್ಲು ಜುಮ್ ಅಂತಿದ್ದವು. ಗಾಡಿ ಹೋಗಿ ಮುಕ್ಕಾಲು ತಾಸಿಗೆ ಬರ್ತಿದ್ದರು. ಅಷ್ಟೊತ್ತಿಗೆ ಪೂರಾ ಆರಿರಬೇಕು. ಒಂದು ಚೂರು ಬೆಚ್ಚಗಿದ್ರೂ ಮಾರಿ ಹಿಂಗ ಮಾಡ್ತಿದ್ದರು." ಅವಳು ಮುಖ ಸೊಟ್ಟ ಮಾಡಿ ತೋರಿಸಿದಳು. ತೋರಿಸುತ್ತಲೇ ನಕ್ಕಳು. "ಮೂವತ್ತೆರಡು ವರ್ಷ ಬಿಸಿ ರೊಟ್ಟಿ ಎಲ್ಲಾ ನಾನಾ ತಿಂದೀನಿ."

ತನ್ನ ಜೀವಮಾನದ ಎರಡನೆಯ ಸಾಧನೆಯೂ ತಪ್ಪು ತಿಳಿವಳಿಕೆಯ ಮೇಲೆ ನಿಂತಿತ್ತೆಂದು ಗುರುಬಸವನಿಗೆ ಅರ್ಥವಾಯಿತು. ಅಕ್ಕ ಪುಸ್ತಕ ಮಡಚಲಿಲ್ಲ, ಮಡಿಲಲ್ಲೇ ಇಟ್ಟುಕೊಂಡು ಮುಂದುವರಿಸಿದಳು. ಹಲ್ಲು ಕೀಳಿಸಲು ಹೋದ ಮಾವ ಡಾಕ್ಟರ ಕುರ್ಚಿಯಿಂದ ಎದ್ದು ಓಡಿದ್ದು, ಬಸ್ಸಿನಲ್ಲಿ ಕೂತ ಮೇಲೆ ಚಪ್ಪಲಿ ಅಲ್ಲೇ ಬಿಟ್ಟಿದ್ದು ನೆನಪಾಗಿದ್ದು, ಅದನ್ನು ತರಲು ಅವಳನ್ನು ಕಳಿಸಿದ್ದು. ಗಂಡ ಸತ್ತ ಮೇಲೆ ಅವರ ಬಗ್ಗೆ ಅವಳು ಇಷ್ಟು ಮಾತಾಡಿದ್ದು ಅದೇ ಮೊದಲು. ಚಪ್ಪಲಿಯ ಮಾತಿಗೆ ಬಂದಾಗ ಚಷ್ಮಾ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಮುಂದೆ ಹೇಳಿದಳು.

ನಡುವೆ ಎರಡು ಸಲ ಗುರುಬಸವನಿಗೆ ಒಂದು ಒಳ್ಳೆಯ ಮಾತು ಬಾಯಿಗೆ ಬಂತು. ಎರಡು ಸಲವೂ ಅವನು ಬಾಯಿ ತುಂಬ ಅವಲಕ್ಕಿ ತುಂಬಿಕೊಂಡ.