ಚಂದ ಮಾಡಿ ಬರೆದ ಹೃದಯರೋಗ

ಮೊನ್ನೆ ಪಂಪ್‌ವೆಲ್ಲಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಹಿಂದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರೋ ಎನಾಮಲ್ ಪೇಂಟಿನ ಡಬ್ಬಿಯ ಮುಚ್ಚಳ ಎಬ್ಬಿಸಿದರು. ಮೇಲೆ ಫ್ಲೈಓವರಿನ ಗದ್ದಲ, ಕೆಳಗೆ ಕಂಡಕ್ಟರುಗಳ ಕೂಗು, ಡೀಸೆಲ್ ಹೊಗೆ. ಅಷ್ಟರ ನಡುವೆಯೂ ಆ ವಾಸನೆ ನನ್ನ ಮೂಗನ್ನೇ ಹುಡುಕಿಕೊಂಡು ಬಂತು. ನಿಮಗೆ ಅದು ತಲೆನೋವಿನ ವಾಸನೆ ಇರಬಹುದು. ನನಗೆ ಅದು ಒಂದು ಹೃದಯದ ವಾಸನೆ. ಕವಿತೆ ಶುರು ಮಾಡಿದ ಎಂದು ಹೆದರಬೇಡಿ. ನಿಜವಾಗಿಯೂ ನಾನು ಒಮ್ಮೆ ತಗಡಿನ ಮೇಲೆ ನಾಲ್ಕಡಿ ಎತ್ತರದ ಕೆಂಪು ಹೃದಯ ಬರೆದಿದ್ದೆ. ಅದರಿಂದ ಒಬ್ಬರ ಜೀವ ಹೋಗುವುದರಲ್ಲಿತ್ತು. ಅದನ್ನು ನೆನಪಿಸಿಕೊಳ್ಳುತ್ತಾ ನಿಂತು ಎರಡು ಬಸ್ಸು ತಪ್ಪಿಸಿಕೊಂಡೆ.

ನಾನು ಬೋರ್ಡ್ ಬರೆಯುವವ. ಫ್ಲೆಕ್ಸ್ ಬರುವ ಮೊದಲು ಬೋಳಾರದಿಂದ ಸುರತ್ಕಲ್‌ವರೆಗೆ ನನ್ನ ಕೈಯ ಮಾವಿನಹಣ್ಣು, ಟಯರು, ಹೊಲಿಗೆ ಮೆಶಿನು ಎಷ್ಟೋ ಅಂಗಡಿಗಳ ನೆತ್ತಿಯ ಮೇಲೆ ಇದ್ದವು. ಕೆಲಸ ಕಲಿಸಿದ ಗುರುಗಳು ನನಗೆ ಹೇಳಿಕೊಟ್ಟದ್ದು ಒಂದೇ ಮಾತು: "ಎಂತ ಬರೆದರೂ ಅದಕ್ಕೊಂದು ಬೆಳಕು ಇಡು." ಬೆಳಕು ಎಂದರೆ, ಬಣ್ಣ ಒಣಗಿದ ಮೇಲೆ ಎಡಗಡೆ ಮೇಲ್ಭಾಗದಲ್ಲಿ ಬಿಳಿ ಬಣ್ಣದ ಒಂದು ಸಣ್ಣ ಚುಕ್ಕೆ. ಅದು ಬಿದ್ದ ಕೂಡಲೇ ಮಾವಿನಹಣ್ಣು ಹೊಳೆಯುತ್ತದೆ, ಟಯರು ಹೊಸತಾಗುತ್ತದೆ. ನಾನು ಎಲ್ಲದಕ್ಕೂ ಬೆಳಕು ಇಟ್ಟೆ. ಹಲ್ಲಿನ ಡಾಕ್ಟರ ಬೋರ್ಡಿನ ಹಲ್ಲಿಗೆ ಇಟ್ಟೆ. ಶವಪೆಟ್ಟಿಗೆ ಮಾಡುವವರ ಬೋರ್ಡಿನ ಪೆಟ್ಟಿಗೆಗೂ ಇಟ್ಟೆ. ಅದರ ಮಾಲೀಕರು ತಲೆ ಕೆರೆದುಕೊಂಡು, "ಸ್ವಲ್ಪ ಕಮ್ಮಿ ಮಾಡಿ ಮಾರಾಯ್ರೆ, ಇದು ನೋಡಿ ಜನಕ್ಕೆ ಆಸೆ ಆಗ್ತದೆ" ಎಂದಿದ್ದರು.

ಓದಿನಲ್ಲಿ ನಾನು ತಡ. ನಾಲ್ಕನೇ ಕ್ಲಾಸಿಗೆ ಬಿಟ್ಟ ಶಾಲೆಯನ್ನು ಮೂವತ್ತನಾಲ್ಕಕ್ಕೆ ಪುನಃ ಹಿಡಿದು ಖಾಸಗಿಯಾಗಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತೆ. ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಹೃದಯದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದು ಇತ್ತು. ಅಂದವಾದ ಎಂಬ ಮಾತನ್ನು ಆ ಕೋಣೆಯಲ್ಲಿ ಗಂಭೀರವಾಗಿ ತೆಗೆದುಕೊಂಡವನು ನಾನೊಬ್ಬನೇ ಇರಬೇಕು. ಮುಕ್ಕಾಲು ಗಂಟೆ ಅದರ ಮೇಲೆಯೇ ಕೂತೆ. ಕಾವಲಿಗೆ ಇದ್ದ ಮೇಷ್ಟ್ರು, ನನಗಿಂತ ಸಣ್ಣ ಪ್ರಾಯದವರು, ಬಗ್ಗಿ ನೋಡಿ, "ಸಾಕು ಅಣ್ಣ, ಇದನ್ನು ಎಲ್ಲಿಯೂ ನೇತು ಹಾಕ್ಲಿಕ್ಕೆ ಇಲ್ಲ" ಎಂದರು. ವಿಜ್ಞಾನದಲ್ಲಿ ಹೇಗೋ ಪಾಸಾದೆ. ಉಳಿದ ಪ್ರಶ್ನೆಗಳು ಈಗಲೂ ಹಾಗೆಯೇ ಖಾಲಿ ಇರಬಹುದು.

ಈ ಕಥೆಯನ್ನು ನಮ್ಮ ಬೋಳಾರದ ಡಾಕ್ಟ್ರಮ್ಮನಿಗೆ ಒಮ್ಮೆ ಜಂಬದಿಂದ ಹೇಳಿದ್ದೆ. ಅದೇ ತಪ್ಪಾಯಿತು. ಹನ್ನೆರಡು ವರ್ಷದ ಹಿಂದೆ ಅವರು ನನ್ನನ್ನು ಕರೆಸಿ, "ನೀವು ಹಾರ್ಟ್ ಓದಿದವರಲ್ವಾ? ನನಗೊಂದು ಬೋರ್ಡ್ ಬರೆದು ಕೊಡಿ" ಎಂದರು. ಮದ್ದಿನ ಕಂಪೆನಿಯವರು ಕೊಡುವ ಚಾರ್ಟುಗಳೆಲ್ಲ ಇಂಗ್ಲಿಷಿನಲ್ಲಿ, ಜೊತೆಗೆ ಸಮುದ್ರದ ಗಾಳಿಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿದ್ದವು. ಅವರಿಗೆ ಬೇಕಾದದ್ದು ಕನ್ನಡದ ದೊಡ್ಡ ಅಕ್ಷರ, ಮಧ್ಯದಲ್ಲಿ ದೊಡ್ಡ ಹೃದಯ, ಕೆಳಗೆ ಮೂರು ರಕ್ತನಾಳ. ಮೊದಲನೆಯದು ಆರೋಗ್ಯದ್ದು, ಎರಡನೆಯದರಲ್ಲಿ ಸ್ವಲ್ಪ ಕೊಬ್ಬು, ಮೂರನೆಯದು ಪೂರ್ತಿ ಮುಚ್ಚಿಹೋದದ್ದು. "ಜನ ನೋಡಿ ಹೆದರಬೇಕು. ನನ್ನ ಮಾತಿಗೆ ಯಾರೂ ಹೆದರುವುದಿಲ್ಲ" ಎಂದರು. ಅವರ ಮಾತಿಗೆ ನಾನಂತೂ ಹೆದರುತ್ತಿದ್ದೆ.

ಪುಸ್ತಕ ಮುಂದಿಟ್ಟುಕೊಂಡು ಹತ್ತು ದಿನ ಬರೆದೆ. ಪುಸ್ತಕದಲ್ಲಿ ಕೊಬ್ಬಿನ ಬಣ್ಣ ಹಳದಿ. ಮಿಠಾಯಿ ಅಂಗಡಿಯ ಬೋರ್ಡಿಗೆ ಕಲೆಸಿದ ಚಿನ್ನದ ಹಳದಿ ನನ್ನಲ್ಲಿ ಉಳಿದಿತ್ತು. ಕೊಬ್ಬನ್ನು ಉಂಡೆ ಉಂಡೆಯಾಗಿ ನಾಳದೊಳಗೆ ಕೂರಿಸಿದೆ. ಕೊನೆಗೆ, ಕೈ ಕೇಳಬೇಕಲ್ಲ, ಪ್ರತಿಯೊಂದು ಉಂಡೆಗೂ ಒಂದೊಂದು ಬೆಳಕು ಇಟ್ಟೆ.

ಇಲ್ಲಿಗೆ ಹಸನಾಕ, ಅಂದರೆ ಹಸನಣ್ಣ, ಬರಬೇಕು. ಬೋಳಾರದಲ್ಲಿ ಹೊಳೆಯ ಬದಿಗೆ ಅವರ ಹಗ್ಗದ ಅಂಗಡಿ. ನೈಲಾನು, ತೆಂಗಿನ ನಾರು, ಬಲೆ, ಟಾರ್ಪಾಲು, ಒಂದು ಮೂಲೆಯಲ್ಲಿ ದೋಣಿಗೆ ಹಚ್ಚುವ ಪೇಂಟು. ಪೇಂಟಿನ ಗಿರಾಕಿಯಾಗಿ ಹೋದ ನಾನು ಇಪ್ಪತ್ತು ವರ್ಷದಲ್ಲಿ ಅಲ್ಲಿಯ ಸ್ಟೂಲಿನ ಒಂದು ಭಾಗವೇ ಆಗಿಬಿಟ್ಟಿದ್ದೆ. ಅವರ ಮನೆಮಾತು ಬ್ಯಾರಿ, ನನ್ನದು ತುಳು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲೇ, ನಿಮಗಾಗಿ ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಹಗ್ಗ ಕೊಡುವ ಮೊದಲು ಹಸನಾಕ ಅದನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಗಿರಾಕಿಯೊಡನೆ ಊರಿನ ಸುದ್ದಿ ಮಾತಾಡುತ್ತಲೇ ಹೆಬ್ಬೆರಳನ್ನು ಹಗ್ಗದ ಉದ್ದಕ್ಕೂ ಓಡಿಸುತ್ತಿದ್ದರು. ಎಲ್ಲಿಯಾದರೂ ಎಳೆ ಸವೆದಿದ್ದರೆ ಬೆರಳು ಅಲ್ಲಿ ನಿಲ್ಲುತ್ತಿತ್ತು, ಮಾತೂ ನಿಲ್ಲುತ್ತಿತ್ತು.

ಆ ವರ್ಷ ಅಟ್ಟದ ಏಣಿ ಹತ್ತುವಾಗ ಅವರಿಗೆ ಎದೆ ಹಿಡಿಯಲು ಶುರುವಾಯಿತು. "ಗ್ಯಾಸ್" ಎಂದು ನಿಂಬೆಸೋಡಾ ಕುಡಿದರು. ಆರು ತಿಂಗಳು ಸೋಡಾದಲ್ಲೇ ಕಳೆಯಿತು. ಕೊನೆಗೆ ಹೆಂಡತಿ ಖತೀಜಮ್ಮ ಅಳುತ್ತಾ, ಮಗ ತಾನು ದುಡಿಯುವ ದಮಾಮಿನಿಂದ ಫೋನಿನಲ್ಲಿ ಜೋರು ಮಾಡುತ್ತಾ, ದೊಡ್ಡ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಆಯಿತು. ಮುಖ್ಯ ನಾಳ ಮುಚ್ಚಿದೆ, ಬೈಪಾಸ್ ಮಾಡಬೇಕು, ತಡ ಮಾಡಬಾರದು ಎಂದರು ಅಲ್ಲಿಯವರು. ಹಸನಾಕ, "ಅದೆಲ್ಲ ನಮ್ಮ ಡಾಕ್ಟ್ರಮ್ಮ ಹೇಳ್ಲಿ" ಎಂದು ಎದ್ದು ಬಂದರು.

ಅವರು ಕ್ಲಿನಿಕ್ಕಿಗೆ ಬಂದಾಗ ನಾನು ಅಲ್ಲೇ ಸ್ಟೂಲು ಹತ್ತಿ ನನ್ನ ಬೋರ್ಡಿನ ಸ್ಕ್ರೂ ಬಿಗಿಯುತ್ತಿದ್ದೆ. ಡಾಕ್ಟ್ರಮ್ಮ ಸ್ಕೇಲಿನಿಂದ ತೋರಿಸಿದರು.

"ನೋಡಿ ಹಸನಾಕ, ನಿಮ್ಮದು ಈಗ ಈ ಮೂರನೆಯದರ ಹಾಗೆ ಉಂಟು."

ಹಸನಾಕ ಕನ್ನಡಕ ಏರಿಸಿ ಹತ್ತಿರ ಹೋದರು. ದೂರ ನಿಂತರು. ತಲೆ ಓರೆ ಮಾಡಿದರು.

"ಇದಾ? ಇಷ್ಟು ಚಂದ ಉಂಟಾ?"

"ಚಂದ ಎಂತದು? ಕೊಬ್ಬು ಅದು!"

"ಅಲ್ಲ ಡಾಕ್ಟ್ರೇ, ಹೀಗೆ ಹೊಳೆಯುವ ಸಾಮಾನನ್ನು ಯಾರಾದ್ರೂ ಕೊಯ್ತಾರಾ? ಆ ಮೊದಲನೆಯದು ನೋಡಿ, ಪಾಪ, ಖಾಲಿ ಪೈಪ್. ನನ್ನದರಲ್ಲಿ ಸ್ಟಾಕ್ ಉಂಟು."

ಮತ್ತೆ ಸ್ಟೂಲಿನ ಮೇಲಿದ್ದ ನನ್ನನ್ನು ನೋಡಿದರು. "ನೀನಾ ಬರ್ದದ್ದು? ನಿನಗೆ ಒಳ್ಳೇದಾಗ್ಲಿ ಆರ್ಟಿಸ್ಟೇ. ಎರಡು ದಿನದಿಂದ ಎಲ್ಲರೂ ಸೇರಿ ನನ್ನನ್ನು ಹೆದರಿಸಿ ಹಾಕಿದ್ರು."

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತೇನೆ: ನಾನು ಹಲ್ಲು ಬಿಟ್ಟೆ. ಹೊಗಳಿದರಲ್ಲ.

ಅವರು ಹೋದ ಮೇಲೆ ಡಾಕ್ಟ್ರಮ್ಮ ಬಾಗಿಲು ಹಾಕಿ ನನ್ನ ಕಡೆ ತಿರುಗಿದರು. "ನಾನು ರೋಗ ಬರೀಲಿಕ್ಕೆ ಹೇಳಿದ್ದು. ನೀವು ಲಾಡು ಬರೆದಿದ್ದೀರಿ. ಆ ಮನುಷ್ಯ ಯಾವ ದಿನ ಬೇಕಾದ್ರೂ ಏಣಿಯಿಂದ ಕೆಳಗೆ ಬೀಳ್ತಾರೆ. ಆಗ ಹೋಗಿ ಹೊಳಪು ಕೊಡಿ."

ಮರುದಿನವೇ ಕಪ್ಪು ಡಬ್ಬಿ ಹಿಡಿದು ಹೋದೆ. ಹಳದಿಯ ಮೇಲೆ ಕಪ್ಪು ಬಳಿದೆ. ನಾಳಗಳನ್ನು ದಪ್ಪ ಮಾಡಿದೆ. ಹೃದಯದ ಸುತ್ತ ಬೆಂಕಿಯ ಹಾಗೆ ಕೇಸರಿ ಎಳೆದೆ. ಭಯಂಕರವಾಗಿ ಬಂತು ಎಂದೇ ನನ್ನ ಎಣಿಕೆ. ಸಂಜೆ ಬಂದ ಒಬ್ಬರು ಅಜ್ಜಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬೋರ್ಡಿಗೆ ಕೈ ಮುಗಿದು, "ಇದು ಯಾವ ಭೂತ, ಎಲ್ಲಿಯ ಸ್ಥಾನದ್ದು?" ಎಂದು ಕೇಳಿದರಂತೆ. ನನ್ನ ಕೈಗೆ ಕುರೂಪ ಮಾಡಲು ಬರುವುದಿಲ್ಲ. ಹೆಚ್ಚೆಂದರೆ ಭೂತಕೋಲದ ವೇಷ ಕಟ್ಟಲು ಬರುತ್ತದೆ.

ಅಷ್ಟರಲ್ಲಿ ಖತೀಜಮ್ಮ ನಮ್ಮ ಮನೆಗೇ ಬಂದರು. ಕೂರಲಿಲ್ಲ. "ಆಪರೇಷನ್ ಬೇಡ ಅಂತಾರೆ. ನಿನ್ನ ಚಿತ್ರ ನೋಡಿದ ಮೇಲೆ ತುಪ್ಪದನ್ನ ಮಾಡು ಅಂತಾರೆ. ನಾನು ಯಾರ ಹತ್ತಿರ ಹೇಳುವುದು?" ಎಂದರು. ಅವರ ಬ್ಯಾಗಿನಲ್ಲಿ ಆಸ್ಪತ್ರೆಯವರು ಕೊಟ್ಟ ಸಿ.ಡಿ. ಇತ್ತು. ಇದನ್ನಾದರೂ ನೋಡುತ್ತೇನೆ ಎಂದು ತೆಗೆದುಕೊಂಡು ಡಾಕ್ಟ್ರಮ್ಮನ ಕಂಪ್ಯೂಟರಿನ ಎದುರು ಹೋಗಿ ಕೂತೆ.

ಹೃದಯ ಕಾಣಬಹುದು ಎಂದುಕೊಂಡಿದ್ದೆ. ಹೃದಯವೇ ಇಲ್ಲ. ಬಣ್ಣವೂ ಇಲ್ಲ. ಬೂದಿಯ ಹಾಗಿರುವ ಪರದೆಯ ಮೇಲೆ ಸಪೂರ ಕಪ್ಪು ಗೆರೆಗಳು ಒಮ್ಮೆಲೇ ಮೂಡುತ್ತವೆ, ನಡುಗುತ್ತವೆ, ಮಾಸಿ ಹೋಗುತ್ತವೆ. ಮದ್ದು ಬಿಟ್ಟಾಗ ರಕ್ತ ಹರಿಯುವ ದಾರಿ ಮಾತ್ರ ಕಾಣುವುದಂತೆ. ಒಂದು ಗೆರೆ ಮೇಲಿನಿಂದ ಜೋರಾಗಿ ಇಳಿದು ಬಂದು, ಅರ್ಧದಲ್ಲಿ ನಿಂತುಬಿಡುತ್ತಿತ್ತು. ಡಾಕ್ಟ್ರಮ್ಮ ಪುನಃ ಹಾಕಿದರು. ಪುನಃ ಅಲ್ಲಿಯೇ ನಿಂತಿತು. ಹೆದರಿಸುವಂಥದ್ದು ಏನೂ ಇರಲಿಲ್ಲ. ಆದರೂ ನಾನು ನೀರು ಕೇಳಿ ಕುಡಿದೆ.

ಅಲ್ಲೇ ಕೂತು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಅದನ್ನು ಇಳಿಸಿದೆ. ನೆರಳಿಲ್ಲ, ಉಂಡೆಯಿಲ್ಲ. ಎಷ್ಟು ಕಂಡಿತೋ ಅಷ್ಟು ಗೆರೆ. ನಿಂತ ಗೆರೆಯ ತುದಿಗೆ ಬಂದಾಗ ಪೆನ್ಸಿಲು ತಾನಾಗಿಯೇ ಸ್ವಲ್ಪ ಮುಂದೆ ಹೋಯಿತು. ರಬ್ಬರು ಹಾಕಿ ಅಳಿಸಿದೆ. ಆ ಅರ್ಧ ಇಂಚು ಗೆರೆಯನ್ನು ಎಳೆಯದೆ ಬಿಡುವುದು ನಾನು ಮಾಡಿದ ಕೆಲಸಗಳಲ್ಲೇ ಕಷ್ಟದ್ದು.

ಮಧ್ಯಾಹ್ನ ಅಂಗಡಿಗೆ ಹೋದರೆ ಹಸನಾಕ ಏಣಿಯ ಮೊದಲ ಮೆಟ್ಟಿಲಲ್ಲಿದ್ದರು. ಅಟ್ಟದಿಂದ ಟಾರ್ಪಾಲು ತೆಗೆಯಬೇಕಂತೆ.

"ಇಳೀರಿ ಹಸನಾಕ. ನಾನು ತೆಗೀತೇನೆ."

"ನೀನು ಹತ್ತಿದ್ರೆ ಏಣಿಗೂ ಬೆಳಕು ಇಡ್ತೀ. ಬಿಡು."

ನಾನು ಏಣಿ ಬಿಡದೆ ಹಾಳೆಯನ್ನು ಅವರ ಮುಖದ ಹತ್ತಿರ ಹಿಡಿದೆ. ಅವರು ಇಳಿದು ಕನ್ನಡಕ ಹುಡುಕಿದರು.

"ಎಂತದು ಇದು? ನುಗ್ಗೆಮರದ ಗೆಲ್ಲಾ?"

"ನಿಮ್ಮ ಹಾರ್ಟಿನ ನಾಳ."

"ಬಣ್ಣ ಎಲ್ಲಿ? ಆ ದಿನ ಎಷ್ಟು ಚಂದ ಇತ್ತು!"

"ಅದು ನನ್ನದು ಹಸನಾಕ. ನಿಮ್ಮದು ಇದು."

ಅವರು ಹಾಳೆಯನ್ನು ಕೌಂಟರಿನ ಮೇಲೆ ಹರಡಿ, ಹೊಳೆಯ ಕಡೆಗೆ ನೋಡುತ್ತಾ, ಅಭ್ಯಾಸದಂತೆ ಹೆಬ್ಬೆರಳನ್ನು ಗೆರೆಯ ಮೇಲೆ ಓಡಿಸಿದರು. ನಿಜವಾಗಿ ನೋಡಿದರೆ ಕಾಗದದ ಮೇಲೆ ಬೆರಳಿಗೆ ಏನು ಗೊತ್ತಾಗಬೇಕು? ಆದರೆ ಆ ತುದಿಗೆ ಬಂದಾಗ ಕಣ್ಣು ಕೆಳಗೆ ಬಂತು. ಬೆರಳು ನಿಂತಿತು. ಹಿಂದೆ ಹೋಗಿ ಮೊದಲಿನಿಂದ ಬಂದರು. ಪುನಃ ನಿಂತಿತು.

"ಇಲ್ಲಿ ಎಂತ, ನೀನು ಮುಗಿಸ್ಲಿಲ್ವಾ?"

"ಇರುವುದೇ ಅಷ್ಟು. ಮುಂದೆ ರಕ್ತ ಹೋಗುವುದಿಲ್ಲ."

"ನಿನಗೆ ಬರೀಲಿಕ್ಕೆ ಆಗ್ಲಿಲ್ಲ, ಅಷ್ಟೇ."

"ಇಲ್ಲದ್ದನ್ನು ಬರೀಲಿಕ್ಕೆ ನನಗೆ ಆಗ್ತದೆ. ಒಮ್ಮೆ ಬರೆದು ಆಯ್ತಲ್ಲ."

ಅವರು ಹಗ್ಗದ ಸುರುಳಿಯ ಮೇಲೆ ಕೂತರು. ಟಾರ್ಪಾಲಿನ ಗಿರಾಕಿ ಎರಡು ಸಲ ಕೆಮ್ಮಿ, ಮತ್ತೆ ಬರುತ್ತೇನೆ ಎಂದು ಹೋದ. ಆಮೇಲೆ ಹಸನಾಕ ಬಾಯಿ ಬಿಟ್ಟರು.

"ನಿನ್ನ ಬೋರ್ಡ್ ನೋಡಿ ನಾನು ನಂಬಿದ್ದೂಂತ ಎಣಿಸಿದ್ಯಾ? ಅಷ್ಟು ಬೆಪ್ಪ ಅಲ್ಲ ಮಾರಾಯ ನಾನು. ಎದೆ ಕೊಯ್ತಾರೆ ಅಂದ ದಿನದಿಂದ ನನಗೆ ಹೆದರಿಕೆ. ಬೇಡ ಅನ್ಲಿಕ್ಕೆ ಎಂತಾದ್ರೂ ಒಂದು ಬೇಕಿತ್ತು. ನೀನು ಚಂದ ಮಾಡಿ ಕೊಟ್ಟಿ."

ಸ್ಟೂಲು ಎಳೆದು ಪಕ್ಕದಲ್ಲಿ ಕೂತೆ. ಅವರು ಪುನಃ ಹಾಳೆ ನೋಡಿದರು.

"ಕಾಲಿಂದ ಒಂದು ತುಂಡು ತೆಗೆದು ಇಲ್ಲಿಗೆ ಜೋಡಿಸ್ತಾರಂತೆ. ಜಾಯಿಂಟ್ ಗಟ್ಟಿ ಇರ್ತದಾ?"

"ಅದು ಡಾಕ್ಟ್ರ ಹತ್ತಿರವೇ ಕೇಳ್ಬೇಕು."

ಕೇಳಿದರು. ಮೂರು ದಿನ ಬಿಟ್ಟು ಆಸ್ಪತ್ರೆಗೆ ಸೇರಿದವರು, ಆಪರೇಷನ್ ಮಾಡುವ ಡಾಕ್ಟರನ್ನು ಕೂರಿಸಿ, ಹೊಲಿಯುವ ನೂಲು ಎಂಥದ್ದು, ನೀರು ಹಿಡಿದರೆ ಕೊಳೆಯುತ್ತದಾ, ಗಂಟು ಯಾವ ರೀತಿಯದ್ದು ಎಂದು ವಿಚಾರಿಸಿದರು. ಕೂದಲಿಗಿಂತ ಸಪೂರ ಎಂದರಂತೆ ಡಾಕ್ಟರು. ಸ್ಟ್ರೆಚರಿನ ಮೇಲೆ ಒಳಗೆ ಹೋಗುವಾಗ ಹಸನಾಕ ನನಗೆ ಹೇಳಿದ ಮಾತು ಇದೇ: "ಅಷ್ಟು ಸಪೂರದ್ದು ನಮ್ಮ ಅಂಗಡಿಯಲ್ಲಿ ಇಲ್ಲ ನೋಡು." ಬಾಗಿಲು ಮುಚ್ಚಿತು. ಖತೀಜಮ್ಮ ಜಪಮಣಿ ಹಿಡಿದು ಕೂತರು. ನಾನು ಎದುರಿನ ಗೋಡೆಯಲ್ಲಿದ್ದ ಬೋರ್ಡುಗಳ ಅಕ್ಷರ ಎಣಿಸಿದೆ. ಎಲ್ಲವೂ ಫ್ಲೆಕ್ಸ್. ಆರು ಗಂಟೆ ಕಳೆದ ಮೇಲೆ ಬಾಗಿಲು ತೆರೆಯಿತು. ಹೊರಗೆ ಬಂದ ಡಾಕ್ಟರು ನಗುತ್ತಿದ್ದರು.

ಇನ್ನು ಮೊನ್ನೆಯ ಬಸ್ಸಿನ ವಿಷಯ. ಮೂರನೆಯದನ್ನು ಹಿಡಿದು ನಾನು ಹೋದದ್ದು ಡಾಕ್ಟ್ರಮ್ಮನ ಕ್ಲಿನಿಕ್ಕಿಗೇ. ಹಸನಾಕ ಫೋನ್ ಮಾಡಿ ಬರಹೇಳಿದ್ದರು. ಅವರಿಗೆ ಈಗ ಎಪ್ಪತ್ತೊಂದು. ಆಪರೇಷನ್ನಿಗೆ ಹೆದರಿ ಒಲ್ಲೆ ಎನ್ನುವವರು ಯಾರಾದರೂ ಬಂದರೆ, ಅವರು ಒಪ್ಪಿದರೆ ಮಾತ್ರ, ಡಾಕ್ಟ್ರಮ್ಮ ಇವರನ್ನು ಕರೆಸುತ್ತಾರೆ. ನನ್ನ ಬೋರ್ಡಿನ ಕೆಲಸ ಈಗ ಇವರದ್ದು.

ಅಂದು ಬೆಂಚಿನ ಮೇಲೆ ಸುರತ್ಕಲ್ ಕಡೆಯವರೊಬ್ಬರು ಕೂತಿದ್ದರು. ಐವತ್ತೈದು ಇರಬಹುದು, ಪಕ್ಕದಲ್ಲಿ ಹೆಂಡತಿ. ಮುಖದಲ್ಲಿ ಬಣ್ಣ ಇರಲಿಲ್ಲ. ಹಸನಾಕ ಅವರ ಎದುರು ಕೂತು ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದರು. ಕುತ್ತಿಗೆಯ ಕೆಳಗಿನಿಂದ ಇಳಿದ ಹೊಲಿಗೆಯ ಗುರುತು ಕೆಳಗೆ ಬರುವಾಗ ಸ್ವಲ್ಪ ಸೊಟ್ಟವಾಗಿದೆ.

ಆ ಮನುಷ್ಯ ಅದನ್ನು ನೋಡಿ ಕೇಳಿದರು. "ನೋವಾಗ್ತದಾ?"

ನನ್ನನ್ನು ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ.

"ಆಗ್ತದೆ" ಎಂದರು ಹಸನಾಕ. "ಕೆಮ್ಮಿದ್ರೆ ಅಪ್ಪ ಅಮ್ಮ ಇಬ್ಬರೂ ನೆನಪಾಗ್ತಾರೆ. ತಲೆದಿಂಬು ತಬ್ಬಿಕೊಂಡು ಕೆಮ್ಮಬೇಕು. ಒಂದು ತಿಂಗಳು ಹಾಗೆ. ಮತ್ತೆ ಕಮ್ಮಿ ಆಗ್ತದೆ. ಹೆದರಿಕೆ ಮಾತ್ರ ಒಳಗೆ ಹೋಗುವವರೆಗೂ ಇರ್ತದೆ, ಅದಕ್ಕೆ ಮದ್ದಿಲ್ಲ."

"ಇವರಿಗೂ ಆಗಿದೆಯಾ?" ಅವರು ನನ್ನ ಕಡೆ ನೋಡಿದರು.

"ಇವ ಆರ್ಟಿಸ್ಟ್. ಇವನ ಹತ್ರ ಎಂತದೂ ಕೇಳ್ಬೇಡಿ. ಎಲ್ಲ ಚಂದ ಉಂಟು ಅಂತಾನೆ."

ಆ ಮನುಷ್ಯ ನಕ್ಕರು. ನಗು ಮುಗಿದ ಮೇಲೆ ತಮ್ಮ ಅಂಗೈ ನೋಡಿಕೊಂಡು, ಹೆಂಡತಿಗೆ ಮೆಲ್ಲಗೆ, "ಯಾವ ದಿನ ಆಗ್ತದೆ ಅಂತ ಕೇಳು" ಎಂದರು. ಅವರು ಮನಸ್ಸು ಬದಲಿಸುವ ಮೊದಲೇ ಆ ಹೆಂಗಸು ಡಾಕ್ಟ್ರಮ್ಮನ ಕೋಣೆಗೆ ಓಡಿದರು.

ಹಸನಾಕ ಗುಂಡಿ ಹಾಕಿಕೊಂಡರು. ನಡುವೆ ಒಂದು ತಪ್ಪಿ, ಅಂಗಿ ಒಂದು ಬದಿಗೆ ಎಳೆದು ನಿಂತಿತು. ಅದನ್ನು ಸರಿ ಮಾಡಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟೆ. ಹಾಗೆಯೇ ಇರಲಿ. ನಾವಿಬ್ಬರೂ ಹೊರಗೆ ಬಂದು ಚಾ ಕುಡಿದೆವು.